ಚೀಸ್ ಕೋಣೆಯ ನೀರು

ದೆವ್ವ, ಗಾಳಿ, ಶಕುನ ಎಂದವರನ್ನೆಲ್ಲ ಬಾಯಿಗೆ ಬಂದಂತೆ ಆಡಿಕೊಂಡವಳು ನಾನು. ಸಿಂಗಪುರದ ಚೋವಾ ಚು ಕಾಂಗಿನಲ್ಲಿ ನಮ್ಮ ಬ್ಲಾಕಿನ ಕೆಳಗೆ ನೆರೆಯ ಚೀನೀಯರು ಸತ್ತವರಿಗೆಂದು ಕಾಗದ ಸುಡುವಾಗ, ಕಿಟಕಿಗೆ ಒಣಹಾಕಿದ ಬಟ್ಟೆಗೆ ಮಸಿ ಹತ್ತಿತೆಂದು ಗೊಣಗಿದವಳು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಇದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲ. ಬೆಳಗ್ಗೆ ಒಂಬತ್ತು ಗಂಟೆಗೆ, ಆಫೀಸಿನ ಮೀಟಿಂಗ್ ರೂಮಿನಲ್ಲಿ, ಬೇರೆಯವರ ಎದುರಿಗೇ ನಡೆಯಿತು.

2014ರ ಸುಮಾರಿಗೆ ನಾನು ಸಿಂಗಪುರದಲ್ಲೇ ಒನ್-ನಾರ್ತ್‌ನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳೆಯ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ನೋಡುವವರು ಅವುಗಳೊಳಗೆ ನಡೆದಾಡಿದಂತೆ ವಿಡಿಯೊ ಮಾಡಿ ಮ್ಯೂಸಿಯಂಗಳಿಗೆ ಕೊಡುವುದು ನಮ್ಮ ಕೆಲಸ. ಚಿತ್ರವೂ ನನ್ನದೇ, ಅದರ ಜೊತೆಗೆ ಓದುವ ವಿವರಣೆಯೂ ನನ್ನದೇ. ಆ ವರ್ಷ ಬಂದದ್ದು ಅಮೆರಿಕದ ಮರಳುನಾಡಿನ ಒಂದು ಕೋಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಮನ್ ಪಂಥದವರು ಅಲ್ಲಿಗೆ ವಲಸೆ ಹೋಗಿ ಕಟ್ಟಿದ್ದು. ಕೆಂಪು ಕಲ್ಲಿನ ಎರಡು ಮನೆಗಳು ಎದುರುಬದುರು, ಅವನ್ನು ಸೇರಿಸುವ ಎತ್ತರದ ಗೋಡೆ, ಗೋಡೆಯಲ್ಲಿ ಬಂದೂಕು ತೂರಿಸುವ ಕಿಂಡಿ, ಎರಡು ದೊಡ್ಡ ಬಾಗಿಲು. ಒಳಗೆ ದನ ಸಾಕಿ ಬೆಣ್ಣೆ, ಚೀಸ್ ಮಾಡಿ ದೂರದ ಊರಿಗೆ ಕಳಿಸುತ್ತಿದ್ದರಂತೆ. ಪಾಪ, ತಮ್ಮ ನಂಬಿಕೆಗಾಗಿ ಊರೂರಿಂದ ಒದೆ ತಿಂದು ಓಡಿ ಬಂದ ಜನ ಎಂದು ಓದಿ ನನಗೆ ಮೊದಮೊದಲು ಕರುಳು ಚುರ್ರೆಂದಿತ್ತು.

ನಕ್ಷೆಯಲ್ಲಿ ಒಂದು ನೀರಿನ ಒರತೆಯ ಗುರುತಿತ್ತು. ನಾನು ಮಂಡ್ಯದವಳು. ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಮೂಲೆಯಲ್ಲಿ ಚಪ್ಪರ ಹಾಕಿ, ಮಣ್ಣಿನ ಮಡಕೆಗಳಲ್ಲಿ ನೀರು ತುಂಬಿಸಿ ಅರವಟ್ಟಿಗೆ ಇಡುತ್ತಿದ್ದರು. ಬಾಯಾರಿದವರು ಯಾರೇ ಆಗಲಿ, ಕುಡಿದು ಹೋಗಬಹುದು. ಅದೇ ಅಭ್ಯಾಸದಲ್ಲಿ ಹಿಂದುಮುಂದು ನೋಡದೆ ಒರತೆಯನ್ನು ಕೋಟೆ ಬಾಗಿಲಿನ ಹೊರಗೆ ತಂದು, ಪಕ್ಕಕ್ಕೊಂದು ಕಲ್ಲಿನ ತೊಟ್ಟಿಯನ್ನೂ ಇಟ್ಟುಬಿಟ್ಟೆ. ಮರಳುನಾಡಿನಲ್ಲಿ ನೀರಿರುವವರು ದಾರಿಯವರಿಗೆ ಇಡದೆ ಇರುತ್ತಾರೆಯೇ ಎಂದು ನನ್ನ ಲೆಕ್ಕ.

ಕೆಲಸ ಕೊಟ್ಟಿದ್ದ ಅಮೆರಿಕದ ಮ್ಯೂಸಿಯಮ್ಮಿನ ಹೆಂಗಸು ತಿದ್ದಿ ಕಳಿಸಿದಳು: ಹೊರಗೆ ನೀರಿಲ್ಲ, ಒರತೆಯ ಮೇಲೆಯೇ ಮನೆ ಕಟ್ಟಿದ್ದು, ನೀರು ನೆಲದಡಿಯಿಂದ ಚೀಸ್ ಕೋಣೆಗೆ ಹರಿಯುತ್ತಿತ್ತು. ಆಗ ಕೂತು ಸರಿಯಾಗಿ ಓದಿದೆ. ಆ ಸೀಮೆಯಲ್ಲಿ ನೀರೇ ಅಪರೂಪ. ತಲೆತಲಾಂತರದಿಂದ ಆ ಒರತೆಯನ್ನು ನಂಬಿ ಬದುಕಿದ್ದ ಪೈಯೂಟ್ ಎಂಬ ಮೂಲನಿವಾಸಿ ಜನ ಗೋಡೆಯ ಹೊರಗೆ ಉಳಿದಿದ್ದರು. ಒಳಗೆ ಆ ನೀರಿನಿಂದ ಚೀಸ್ ತಣ್ಣಗಿತ್ತು. ನನ್ನ ಮೈ ಉರಿದುಹೋಯಿತು. ತಾವೇ ಒದೆ ತಿಂದು ಓಡಿ ಬಂದವರು ಇನ್ನೊಬ್ಬರ ಬಾಯಿಯ ನೀರು ಕಿತ್ತುಕೊಂಡರಲ್ಲ! ತೊಟ್ಟಿ ತೆಗೆದೆ. ಬದಲಿಗೆ, ಚೀಸ್ ಕೋಣೆಯ ವಿವರಣೆಯಲ್ಲಿ ಆ ಜನರ ಬಗ್ಗೆ ಒಂದು ಪ್ಯಾರಾ ಬರೆದೆ.

ನನ್ನ ಮ್ಯಾನೇಜರ್ ಶ್ರೀಧರ್ ಬೆಂಗಳೂರಿನವರು. ಒಳ್ಳೆಯವರೇ, ಆದರೆ ಕ್ಲೈಂಟ್ ಕೆಮ್ಮಿದರೆ ಇವರಿಗೆ ಜ್ವರ ಬರುತ್ತಿತ್ತು. "ನೋಡಿ, ಅವರಿಗೆ ಕಾಂಟ್ರವರ್ಸಿ ಬೇಡ್ವಂತೆ. ಆ ಜನದ ಪ್ಯಾರಾ ಡಿಲೀಟ್ ಮಾಡ್ಬಿಡಿ. ನಿಮ್ ಪಾಸ್ ರಿನ್ಯೂವಲ್ ಬೇರೆ ಬರ್ತಿದೆ, ಈಗ ಯಾಕೆ ಸುಮ್ನೆ ತಲೆನೋವು?" ಎಂದರು. ಇಲ್ಲಿ ಕೆಲಸ ಮಾಡಲು ಕೊಡುವ ಆ ಪಾಸ್ ಹೋದರೆ ಸಿಂಗಪುರವೇ ಹೋಯಿತು. ತೆಗೆದೆ. ಹೇಡಿಯ ಹಾಗೆ ತೆಗೆದೆ. ಪ್ಯಾರಾ ಇದ್ದ ಇಪ್ಪತ್ತು ಸೆಕೆಂಡುಗಳಿಗೆ ಪಿಯಾನೊ ಹಾಕಿ ಎಂದರು, ಅದನ್ನು ಮಾತ್ರ ಹಾಕಲಿಲ್ಲ. ಹಠಕ್ಕೆ ಬಿದ್ದು ಮೌನವನ್ನೇ ಬಿಟ್ಟೆ.

ಕ್ಲೈಂಟಿಗೆ ತೋರಿಸುವ ದಿನ ರೂಮಿನಲ್ಲಿದ್ದದ್ದು ಶ್ರೀಧರ್, ನಾನು ಮತ್ತು ಸೌಂಡ್ ನೋಡಿಕೊಳ್ಳುವ ಹಫೀಜ್. ಆ ಹೆಂಗಸು ವಿಡಿಯೊ ಕಾಲ್‌ನಲ್ಲಿದ್ದಳು, ಅಲ್ಲಿ ಆಗ ಸಂಜೆ. ಚಿತ್ರ ಅಂಗಳ ದಾಟಿ ಚೀಸ್ ಕೋಣೆಗೆ ಇಳಿಯಿತು. ವಿವರಣೆ ನಿಂತಿತು. ನಾನು ಬಿಟ್ಟಿದ್ದ ಮೌನ ಬರಬೇಕಿದ್ದ ಜಾಗದಲ್ಲಿ ನೀರು ಹರಿಯುವ ಸದ್ದು ಬಂತು. ಕಲ್ಲಿನ ಮೇಲೆ ಸಣ್ಣಗೆ, ಬಿಡದೆ. ಇಪ್ಪತ್ತು ಸೆಕೆಂಡು ಮುಗಿದ ಕೂಡಲೇ ನಿಂತಿತು.

"ಸೂಪರ್ ಎಫೆಕ್ಟ್ ರೀ, ಹೇಳೇ ಇರ್ಲಿಲ್ವಲ್ಲ!" ಎಂದರು ಶ್ರೀಧರ್. ನಾನು ಹಫೀಜನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಮೀಟಿಂಗ್ ಮುಗಿದ ಮೇಲೆ ಇಬ್ಬರೂ ಫೈಲ್ ತೆರೆದೆವು. ಆ ಜಾಗದಲ್ಲಿ ಧ್ವನಿಯ ಗೆರೆ ನೆಟ್ಟಗೆ ಮಲಗಿತ್ತು. ಹತ್ತು ಸಲ ಹಾಕಿದರೂ ಒಂದು ಹನಿಯ ಸದ್ದೂ ಇಲ್ಲ. ರೂಮಿನ ಎಸಿ, ಮೇಲಿನ ಪೈಪು, ಕಾಲ್‌ನ ಲೈನು, ಎಲ್ಲವನ್ನೂ ಹಫೀಜ್ ಜಾಲಾಡಿದ. ಕೊನೆಗೆ ಅವನು ಮಧ್ಯಾಹ್ನದ ನಮಾಜಿಗೆ ಹೊರಟುಹೋದ, ನಾನು ಒಬ್ಬಳೇ ಕೂತೆ.

ಎರಡು ದಿನ ಬಿಟ್ಟು ಆ ಹೆಂಗಸಿನ ಮೇಲ್ ಬಂತು. ನೀರಿನ ಸದ್ದು ಬಹಳ ಚೆನ್ನಾಗಿದೆ, ಅದು ಇರಲಿ. ಅದರ ಹಿಂದೆ ಹೆಂಗಸರು, ಮಕ್ಕಳು ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದಾರಲ್ಲ, ಅವರನ್ನು ತೆಗೆದುಬಿಡಿ ಎಂದು ಬರೆದಿದ್ದಳು.

ರೂಮಿನಲ್ಲಿದ್ದ ನಮಗೆ ಮೂವರಿಗೂ ನೀರು ಬಿಟ್ಟು ಬೇರೇನೂ ಕೇಳಿರಲಿಲ್ಲ. ಭಯ ಇರಲಿಲ್ಲವೆಂದಲ್ಲ, ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಪ್ಯಾರಾವನ್ನು ಅದರ ಜಾಗದಲ್ಲೇ ಮತ್ತೆ ಕೂರಿಸಿದೆ. ಯಾರನ್ನೂ ಕೇಳದೆ ಉತ್ತರ ಬರೆದೆ: ನೀವು ಹೇಳಿದಿರೆಂದು ಆ ಜನರನ್ನು ಒಮ್ಮೆ ತೆಗೆದಿದ್ದೇನೆ, ಎರಡನೆಯ ಸಲ ತೆಗೆಯುವುದು ನನ್ನಿಂದಾಗದು.

ಆ ಮಧ್ಯಾಹ್ನವೇ ಕೋಟೆಯ ಕೆಲಸ ನನ್ನ ಕೈತಪ್ಪಿತು. ಶ್ರೀಧರ್ ಅದನ್ನು ಬೇರೊಬ್ಬರಿಗೆ ಒಪ್ಪಿಸಿದರು. ಪಾಸ್ ಮುಗಿಯುವುದರೊಳಗೆ ನಾನು ಇದೇ ಊರಿನ ಬೂನ್ ಲೇಯ ಕಂಪನಿಯೊಂದಕ್ಕೆ ಸೇರಿಕೊಂಡೆ. ಮ್ಯೂಸಿಯಮ್ಮಿನಲ್ಲಿ ಕೊನೆಗೆ ಏನು ಕೇಳಿಸುತ್ತಿದೆಯೋ ನನಗೆ ಗೊತ್ತಿಲ್ಲ.

ಆ ನೀರು ಎಲ್ಲಿಂದ ಬಂತೆಂದು ನನ್ನನ್ನು ಕೇಳಬೇಡಿ. ಎಂದಾದರೊಂದು ದಿನ ಯಾರಾದರೂ ಜಾಣರು ಅದಕ್ಕೊಂದು ಕಾರಣ ಹೇಳಬಹುದು, ಹೇಳಲಿ. ಆದರೆ ಮ್ಯೂಸಿಯಮ್ಮಿನ ಆ ಹೆಂಗಸಿಗೆ ಮಕ್ಕಳ ದನಿ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿಕೊಂಡೂ, ಅವರನ್ನು ತೆಗೆಯಿರಿ ಎಂದು ಹೇಗೆ ಬರೆದಳು?