ರೇಡಿಯೋ ಮನೆಯ ಮೆಟ್ಟಿಲು

ಸಮುದ್ರದ ಪಕ್ಕದ ಆ ಬೀದಿಯಲ್ಲಿ ಅವನ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ರೇಡಿಯೋ ಅಂದರೆ ಸಾಕು, ಕೈಹಿಡಿದು ಕಟಿಂಗ್ ಶಾಪಿನವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವಾಗ ಶುರುವಾದ ಮಾತು ಹೆಗಲ ಮೇಲಿನ ಕೂದಲು ಕೊಡವುವವರೆಗೂ ನಿಲ್ಲದು. ತಲೆಯೇ ಅವನ ಕೈಯಲ್ಲಿರುವಾಗ ಎದ್ದು ಹೋಗುವುದಾದರೂ ಹೇಗೆ? ಹಾಗಂತ ತಲೆ ತಿನ್ನುವ ಮಾತಲ್ಲ ಅದು. ಯಾವ ಕಾಲದಲ್ಲೋ ಯಾವ ಮನೆಯ ಕಂಬದ ಹಿಂದೆ ಯಾರು ಯಾರಿಗಾಗಿ ಕಾದು ನಿಂತಿದ್ದರು ಎಂಬುದನ್ನು, ತಾನೇ ಪಕ್ಕದಲ್ಲಿ ನಿಂತು ನೋಡಿದವನ ಹಾಗೆ ಹೇಳುತ್ತಿದ್ದ. ಅರ್ಧ ನಿಜ, ಅರ್ಧ ಅವನದೇ ಒಗ್ಗರಣೆ. ಕ್ಷೌರ ಬೇಕಿಲ್ಲದವರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

ಬೀದಿಯ ಹಳೆಯ ಮನೆಗಳನ್ನು ಉಳಿಸಬೇಕು, ಊರಿನ ಹಿರಿಮೆಯನ್ನು ನಾಲ್ಕು ಜನಕ್ಕೆ ತೋರಿಸಬೇಕು ಎಂದು ಒಂದು ಸಂಘ ಹುಟ್ಟಿತು. ಔಷಧಿ ಅಂಗಡಿಯ ಯಜಮಾನರು ಅದರ ಅಧ್ಯಕ್ಷರು. ಅವರು ಮೊದಲು ಹಿಡಿದದ್ದೇ ರೇಡಿಯೋವನ್ನು. ವರ್ಷಕ್ಕೊಮ್ಮೆ ಸಂಘದ ದಿನ. ಊರವರೂ ಪರವೂರವರೂ ಗುಂಪಾಗಿ ಬೀದಿಯುದ್ದಕ್ಕೂ ನಡೆಯುತ್ತಾರೆ, ಒಂದೊಂದು ಮನೆಯ ಮುಂದೆಯೂ ರೇಡಿಯೋ ನಿಂತು ಅದರ ಕಥೆ ಹೇಳುತ್ತಾನೆ. ಕಡೆಗೆ ಎಲ್ಲರೂ ಸಮುದ್ರದ ತಡೆಗೋಡೆಯ ಹತ್ತಿರ ಸೇರುತ್ತಾರೆ. ಅಲ್ಲಿ ಬ್ಯಾಂಡು, ಭಾಷಣ, ಐಸ್‌ಕ್ರೀಮು. ನಡಿಗೆಯ ಕೊನೆಯ ಮನೆ ರೇಡಿಯೋನದೇ. ಅದನ್ನೂ ಸೇರಿಸಿಕೊಳ್ಳಿ ಅಂತ ಅಧ್ಯಕ್ಷರ ಬೆನ್ನು ಬಿದ್ದು ಸೇರಿಸಿದ್ದ, ಪುಣ್ಯಾತ್ಮ.

ಎರಡು ಮನೆಗಳ ನಡುವೆ ತುರುಕಿಟ್ಟಂಥ ಮನೆ ಅದು. ಹಿಂದೆ ಬಾಗಿಲಿಲ್ಲ, ಪಕ್ಕದಲ್ಲಿ ಸಂದಿಯಿಲ್ಲ. ಮುಂದೆ ಮಾತ್ರ ಸೊಂಟದೆತ್ತರದ ಜಗಲಿಗೆ ಏರುವ ಕಡಿದಾದ ಕಲ್ಲಿನ ಮೆಟ್ಟಿಲುಗಳು, ನಡುವೆ ಸವೆದು ತಗ್ಗಾದವು. ಅವುಗಳ ಕಥೆಗೆ ಜನ ಕಾದಿರುತ್ತಿದ್ದರು. ಒಂದು ಕಾಲದಲ್ಲಿ ಸಮುದ್ರ ಉಕ್ಕಿ ಬೀದಿಗೇ ನುಗ್ಗಿತಂತೆ. ಮನೆಮಂದಿಯೆಲ್ಲ ಅಟ್ಟ ಹತ್ತಿದರೂ ಅವನ ಮುತ್ತಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಮೇಲಿನ ಮೆಟ್ಟಿಲಲ್ಲಿ ನಿಂತು, "ಈಗಷ್ಟೇ ಮನೆ ಒರೆಸಿದ್ದೀನಿ, ಒಳಗೆ ಬರೋದಾದ್ರೆ ಕಾಲು ತೊಳ್ಕೊಂಡು ಬಾ" ಅಂದಳಂತೆ. ಸಮುದ್ರ ತನ್ನ ಕಾಲು ಯಾವುದು ಅಂತ ಹುಡುಕುತ್ತ ವಾಪಸು ಹೋಯಿತಂತೆ! ಪ್ರತಿ ವರ್ಷ ಅದೇ ಕಥೆ, ಪ್ರತಿ ವರ್ಷ ಅದೇ ನಗು. ಹೆಂಡತಿ ಬಾಗಿಲಿಗೆ ಒರಗಿ ನಿಂತು, ಎಷ್ಟನೇ ಸಲವೋ ಏನೋ, ತಾನೂ ನಗುತ್ತಿದ್ದಳು.

ಅವಳು ದೋಣಿಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವಳು. ಕೆಲಸ ಮುಗಿದರೂ ಮನೆಗೆ ಬರಲು ಅವಸರವಿಲ್ಲ. ತಡೆಗೋಡೆಯ ಮೇಲೆ ಗೆಳತಿಯರ ಜೊತೆ ಕಾಲು ಇಳಿಬಿಟ್ಟು ಕೂತು, ಕತ್ತಲಾದ ಮೇಲೆ ಬರುವಳು. ಮನೆಯೊಳಗೆ ಉಸಿರು ಕಟ್ಟುತ್ತದೆ ಎನ್ನುವಳು. ನಿಮ್ಮ ಮಾತಿಗೆ ಗಾಳಿ ಒಳಗೆ ಬರೋಕೂ ಜಾಗ ಸಿಗಲ್ಲ ಅಂತ ಗಂಡನನ್ನು ಕಿಚಾಯಿಸುವಳು.

ಬೇಕರಿಯವನು ತನ್ನ ಅಂಗಡಿ ಮುಂದಿನ ಮೆಟ್ಟಿಲು ಒಡೆದು ಗಾಜಿನ ಬಾಗಿಲು ಇಡಲು ಹೊರಟದ್ದು ಎಲ್ಲಕ್ಕೂ ಮೂಲ. ಸಂಘ ಸಭೆ ಸೇರಿತು. ಸರಿಯಾದ ಕಾರಣವಿಲ್ಲದೆ ಬೀದಿಯ ಮೆಟ್ಟಿಲುಗಳನ್ನು ಮುಟ್ಟಬಾರದು ಅಂತ ನಿಯಮ ಮಾಡೋಣ ಎಂದರು ಅಧ್ಯಕ್ಷರು. ರೇಡಿಯೋ ಸುಮ್ಮನಿರಬೇಕಲ್ಲ? ಎದ್ದು ನಿಂತ. "ಕಾರಣ ಯಾರಿಗಿಲ್ಲ ಸ್ವಾಮಿ? ದಿನಾ ನನ್ನ ಕುರ್ಚೀಲಿ ಕೂತು ಎಲ್ಲರೂ ಕಾರಣಾನೇ ಹೇಳೋದು. 'ಯಾವ ಕಾರಣಕ್ಕೂ' ಅಂತ ಹಾಕಿ" ಅಂದ. ಮೆಟ್ಟಿಲು ಕಿತ್ತರೆ ಬೀದಿ ಹಲ್ಲಿಲ್ಲದ ಬಾಯಿ ಆಗುತ್ತದೆ ಅಂತ ಅರ್ಧ ಗಂಟೆ ಮಾತಾಡಿ ಸಭೆಯನ್ನು ನಗಿಸಿದ, ಅಳಿಸಿದ. ಎಲ್ಲರ ಕೈ ಮೇಲೆದ್ದವು. ನಗರಸಭೆಯವರು ಅದನ್ನೇ ಕಾಯ್ದೆ ಮಾಡಿ ಮೊಹರು ಒತ್ತಿದರು. ಅವತ್ತು ರೇಡಿಯೋ ಎದೆಯುಬ್ಬಿಸಿಕೊಂಡು ಮನೆಗೆ ಬಂದಿದ್ದ. ಬೇಕರಿಯವನು ಮಾತ್ರ ಆಮೇಲೆ ಬೇರೆ ಕಡೆ ಕಟಿಂಗ್ ಮಾಡಿಸಿಕೊಳ್ಳತೊಡಗಿದ.

ಮರುವರ್ಷ ಹೆಂಡತಿ ದೋಣಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಬೆನ್ನುಮೂಳೆಗೆ ಪೆಟ್ಟು. ಆಸ್ಪತ್ರೆಯಿಂದ ಬಂದದ್ದು ಗಾಲಿಕುರ್ಚಿಯ ಮೇಲೆ. ಅವತ್ತು ನಾಲ್ಕು ಜನ ಗಂಡಸರು ಕುರ್ಚಿ ಸಮೇತ ಹೊತ್ತು ಮೆಟ್ಟಿಲು ಹತ್ತಿಸಿದರು. ಓರೆಯಾದ ಕುರ್ಚಿಯಲ್ಲಿ ಅವಳು ಕಿರುಚಿಕೊಂಡಳು, ಬಟ್ಟೆ ಮಂಡಿಯ ಮೇಲೆ ಸರಿಯಿತು, ಬೀದಿಯೆಲ್ಲ ಬಾಯಿಬಿಟ್ಟುಕೊಂಡು ನೋಡಿತು. ಒಳಗೆ ಬಂದ ಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು. "ಇನ್ನೊಂದ್ಸಲ ನನ್ನನ್ನ ಮೂಟೆ ಹೊತ್ತ ಹಾಗೆ ಹೊರಬೇಡಿ ರೀ. ಹೊರಗೆ ಹೋದ್ರೆ ನಾನಾಗೇ ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ." ಅವಳು ಹಟಮಾರಿ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಬಡಗಿ ಹಲಗೆಯ ಇಳಿಜಾರು ಮಾಡಿ ತಂದ. ಮೆಟ್ಟಿಲ ಮೇಲಿಟ್ಟು ಖಾಲಿ ಕುರ್ಚಿ ಬಿಟ್ಟು ನೋಡಿದರೆ, ಅದು ಸರ್ರನೆ ಜಾರಿ ಎದುರು ಮನೆಯ ಗೋಡೆಗೆ ಹೋಗಿ ಬಡಿಯಿತು. ಬಡಗಿ ಹಲಗೆಯನ್ನು ಹೆಗಲಿಗೇರಿಸಿಕೊಂಡು ತೆಪ್ಪಗೆ ಹೋದ. ಮೆಟ್ಟಿಲು ಒಡೆದು, ಜಗಲಿಯ ಗೋಡೆಗುಂಟ ಉದ್ದಕ್ಕೆ ಇಳಿಜಾರು ಕಟ್ಟಬೇಕು, ಬೇರೆ ದಾರಿಯಿಲ್ಲ ಎಂದ ಗಾರೆ ಕೆಲಸದವನು. ಬಾಡಿಗೆ ಮನೆ ಹುಡುಕೋಣವೆಂದರೆ, ಸಂಘದ ಕೃಪೆಯಿಂದ ಊರಿಗೆ ಹೆಸರು ಬಂದು ಬಾಡಿಗೆ ಕೈಗೆಟುಕುವ ಹಾಗಿರಲಿಲ್ಲ.

ರೇಡಿಯೋ ಸಂಘಕ್ಕೆ ಅರ್ಜಿ ಕೊಟ್ಟ. ಅಯ್ಯೋ, ಯಾರಿಗೆ ಮರುಕವಿಲ್ಲ? ಎಲ್ಲರೂ ಅವನ ಹೆಗಲು ಸವರಿದರು. ಕಾಯ್ದೆ ನಗರಸಭೆಯದು, ನಮ್ಮ ಕೈಯಲ್ಲಿ ಏನಿದೆ ಎಂದಿತು ಸಂಘ. ನಿಯಮ ಸಂಘದ್ದು, ಅವರೇ ಕೇಳಲಿ ಎಂದಿತು ನಗರಸಭೆ. ಅವನು ಆ ಎರಡು ಕಟ್ಟಡಗಳ ನಡುವೆ ಚಪ್ಪಲಿ ಸವೆಸಿದ. ಕೊನೆಗೆ ಸಭೆ ಕರೆದರು. ಬೇಕರಿಯವನು ಎದ್ದು, ಅತ್ತಿಗೆಗೋಸ್ಕರ ಆದರೆ ತನ್ನ ಅಡ್ಡಿಯಿಲ್ಲ, ಆಮೇಲೆ ತನ್ನ ಗಾಜಿನ ಬಾಗಿಲಿಗೂ ಹೂಂ ಅನ್ನಬೇಕು ಅಷ್ಟೆ ಎಂದ. ಅವನ ಹಿಂದೆಯೇ ಹೋಟೆಲಿನವರು ಎದ್ದರು. ತಮ್ಮದೂ ಒಂದು ಕಾರಣವಿದೆಯಂತೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಿನ್ನ ಮಾತೇ ಬರೆದಿದೆ ಕಣಯ್ಯಾ. ಯಾವ ಕಾರಣಕ್ಕೂ ಅಂತ. ನಾನೇನು ಮಾಡ್ಲಿ, ನೀನೇ ಹೇಳು."

ರೇಡಿಯೋ ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ಎತ್ತಿ, ಮಡಚಿ ಜೇಬಿಗಿಟ್ಟುಕೊಂಡ.

ಮನೆಗೆ ಬಂದು ಹೇಳಿದಾಗ ಮಗಳು ಸಿಡಿದುಬಿದ್ದಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ಅಪ್ಪನ ಬಾಯಿ ಅವಳಿಗೂ ಬಂದಿತ್ತು. "ಅಪ್ಪಾ, ನಿನ್ನ ಬಾಯೇ ಅಮ್ಮನ ಬಾಗಿಲಿಗೆ ಬೀಗ ಹಾಕ್ತು" ಅಂದಳು. ಮರುದಿನ ಬೆಳಿಗ್ಗೆ ಅವನು ಸುತ್ತಿಗೆ ಹಿಡಿದು ಮೆಟ್ಟಿಲ ಮುಂದೆ ಕೂತದ್ದೂ ಉಂಟು. ಆದರೆ ಹಿಂದೊಮ್ಮೆ ಹೇಳದೆ ಕೇಳದೆ ಕಿಟಕಿ ಒಡೆದವರ ಮನೆಗೆ ನಗರಸಭೆಯವರು ಬಂದು ಕೆಲಸ ನಿಲ್ಲಿಸಿ, ಆ ತೂತಿಗೆ ತಗಡು ಬಡಿದು ಹೋಗಿದ್ದರು. ಆ ತಗಡು ಇವತ್ತಿಗೂ ಹಾಗೇ ಇದೆ. ಮೆಟ್ಟಿಲೂ ಹೋಗಿ ಇಳಿಜಾರೂ ಇಲ್ಲವಾದರೆ? ಅವನು ಸುತ್ತಿಗೆಯನ್ನು ಪಕ್ಕಕ್ಕಿಟ್ಟು ತಲೆಯ ಮೇಲೆ ಕೈಹೊತ್ತು ಕೂತ. ಶಾಪಿನಲ್ಲೂ ಮಾತು ಕಡಿಮೆಯಾಯಿತು. ಕತ್ತರಿಯ ಸದ್ದಷ್ಟೇ ಕೇಳಿ ಗಿರಾಕಿಗಳಿಗೆ ಮುಜುಗರವಾಗುತ್ತಿತ್ತು.

ಸಂಘದ ದಿನ ಬಂತು. ತಾನು ಬರುವುದಿಲ್ಲ ಅಂದಿದ್ದ. ಹೆಂಡತಿಯೇ, ನಾಲ್ಕು ಜನ ಕಾಯುತ್ತಾರೆ, ನೀವು ಮುಖ ಸಣ್ಣ ಮಾಡಿಕೊಂಡು ಕೂತರೆ ನನ್ನ ಕಾಲು ಬರುತ್ತದಾ ಅಂತ ಗದರಿ ಕಳಿಸಿದಳು. ಅವನು ಒಂದೊಂದು ಮನೆಯ ಮುಂದೆ ನಿಂತು ಕಥೆ ಹೇಳುತ್ತ ಹೋದ. ಬಾಯಿ ತಾನಾಗಿಯೇ ಆಡುತ್ತಿತ್ತು, ಜನ ನಗುತ್ತಿದ್ದರು. ಕೊನೆಯ ಮನೆಗೆ ಬಂದರು. ಮೇಲೆ, ಬಾಗಿಲ ಹೊಸ್ತಿಲ ಒಳಗೆ, ಅವಳು ತಲೆ ಬಾಚಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಗಳು.

"ಇದು..." ಎಂದ ರೇಡಿಯೋ. "ಈ ಮೆಟ್ಟಿಲು..."

ಕೆಮ್ಮಿದ, ಮತ್ತೆ ಶುರುಮಾಡಿದ, ಆಗಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಕನ್ನಡಕಕ್ಕೆ ಕೈಹಾಕಿದರು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ತಿಳಿಯದೆ ಇರುತ್ತದೆಯೇ?

ಅವಳೇ ಶುರುಮಾಡಿದಳು. ಒಂದು ಕಾಲದಲ್ಲಿ ಸಮುದ್ರ ಉಕ್ಕಿ ಬೀದಿಗೇ ನುಗ್ಗಿತಂತೆ ಅಂದಳು. ಅವನದೇ ಮಾತು, ಅವನದೇ ರಾಗ, ಅವನು ನಿಲ್ಲಿಸುವಲ್ಲೇ ನಿಲ್ಲಿಸಿ, ಅವನು ಕಣ್ಣರಳಿಸುವಲ್ಲೇ ಕಣ್ಣರಳಿಸಿ. ಮುತ್ತಜ್ಜಿಯ ಮಾತು ಬಂದಾಗ ಕೂತಲ್ಲೇ ಸೊಂಟಕ್ಕೆ ಕೈಯಿಟ್ಟಳು. "ಒಳಗೆ ಬರೋದಾದ್ರೆ ಕಾಲು ತೊಳ್ಕೊಂಡು ಬಾ!" ಬೀದಿಯೆಲ್ಲ ನಕ್ಕಿತು. ಯಾವ ವರ್ಷವೂ ಬೀಳದಷ್ಟು ಚಪ್ಪಾಳೆ ಬಿತ್ತು. ಕೆಲವರು ಮೆಟ್ಟಿಲ ಜೊತೆ ಅವಳ ಫೋಟೋ ಹಿಡಿದರು.

ಪರವೂರಿನ ಒಬ್ಬ ಹೆಂಗಸು ಕೋಲೂರಿಕೊಂಡು ಮುಂದೆ ಬಂದು, ಎಷ್ಟು ಚೆನ್ನಾಗಿ ಹೇಳಿದ್ರಮ್ಮಾ, ನೀವೂ ಬನ್ನಿ ಸಮುದ್ರದ ಹತ್ತಿರ, ಜೊತೆಗೆ ಹೋಗೋಣ ಎಂದಳು.

"ನೀವೆಲ್ಲ ಹೋಗಿಬನ್ನಿ" ಎಂದಳು ಅವಳು ನಗುತ್ತಲೇ. "ನನಗೆ ಒಳಗೆ ಕೆಲಸ ಇದೆ."

ತಡೆಗೋಡೆಯ ಕಡೆಯಿಂದ ಬ್ಯಾಂಡು ಶುರುವಾಯಿತು. ಗುಂಪು ಅತ್ತ ಸರಿಯಿತು. ರೇಡಿಯೋ ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಹೋಗಿ ರೀ, ನಿಮಗೇ ಕಾಯ್ತಿದ್ದಾರೆ ಎಂದಳು ಅವಳು. ಅಧ್ಯಕ್ಷರು ಬಂದು ಅವನ ತೋಳು ಹಿಡಿದರು. ಮಗಳು ಕುರ್ಚಿಯನ್ನು ಹಿಂದಕ್ಕೆಳೆದು ಒಳಗೆ ತಿರುಗಿಸಿದಳು. ಒಳಗೆ ಜಾಗ ಕಿರಿದು, ಗಾಲಿ ಎರಡು ಸಲ ಚೌಕಟ್ಟಿಗೆ ತಾಗಿತು. ಆ ಸದ್ದು ಕೇಳಿ ಅವನು ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.