ಟ್ಯಾಂಕರ್ ನೀರು ಕುಡಿದ ಬಾವಿ

ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಕಡಲಿಗೆ ಕೂಗಳತೆಯಲ್ಲಿ ಮನೆ, ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ಒಗೆಯುವ ಕಲ್ಲು, ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳ ಕೈಗೆ ಬಾವಿಯ ಹಗ್ಗ ಕೊಟ್ಟು, "ಕೇಳಿದವರಿಗೆ ಇಲ್ಲ ಅನ್ಬೇಡ ಕಣಮ್ಮ, ನೀರೇನು ನಾವು ಮಾಡಿದ್ದಲ್ಲ" ಅಂದಿದ್ದರು. ಅವಳು ಇಲ್ಲ ಅನ್ನಲಿಲ್ಲ. ಸುತ್ತಲಿನ ಬಾವಿಗಳು ಒಂದೊಂದಾಗಿ ಉಪ್ಪಾದಾಗ ಇಡೀ ಬೀದಿ ಕೊಡ ಹಿಡಿದು ಅವಳ ಹಿತ್ತಿಲಿಗೇ ಬಂತು. ಗಂಡ ಮುಖ ಊದಿಸಿದರೆ, "ಸುಮ್ನಿರಿ, ನಿಮ್ಮಪ್ಪನ ಗಂಟೇನು ಹೋಗುತ್ತೆ?" ಅನ್ನುವಳು. ಬಾವಿ ತೋಡಿಸಿದ್ದು ಸಾಕ್ಷಾತ್ ಅವನಪ್ಪನೇ. ಆದರೂ ಪಾಪ, ಅವನು ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಕಡಲತೀರದ ಅಂತರ್ಜಲದ ಮೇಲೆ ಸಂಶೋಧನೆ ನಡೆಸುವವರು ಆ ಬೀದಿಗೆ ಬಂದದ್ದು ಆಗಲೇ. ಅವರ ಪೈಕಿ ಒಬ್ಬ ಹುಡುಗಿ ಆಗಾಗ ಬಂದು, ಬಾವಿ ಬಾವಿಗೂ ತಂತಿ ಇಳಿಬಿಟ್ಟು ಉಪ್ಪು ಅಳೆಯುತ್ತಿದ್ದಳು. ಜನ ಅವಳನ್ನು ನೀರಿನ ಮೇಡಂ ಎಂದರು. "ಅಕ್ಕ, ನಿಮ್ಮ ಬಾವಿ ಚಿನ್ನ" ಎಂದು ಆಕೆ ಅಂದದ್ದೇ ತಡ, ಇಸ್ತ್ರಿ ಅಕ್ಕನನ್ನು ಹಿಡಿಯುವವರಿಲ್ಲ! ಗಿರಾಕಿಗಳಿಗೆಲ್ಲ ಬಟ್ಟೆಯ ಜೊತೆ ಆ ಮಾತನ್ನೂ ಮಡಿಸಿ ಕೊಟ್ಟಳು.

ಆಮೇಲೆ ಸೋಪು ನೊರೆ ಕೊಡದೆ ಸತಾಯಿಸತೊಡಗಿತು. ಮೊದಲು ಸೋಪಿನ ಕಂಪನಿಯವರಿಗೆ ಹಿಡಿಶಾಪ ಹಾಕಿದಳು. ಕೊನೆಗೊಂದು ದಿನ ಬೊಗಸೆ ನೀರು ಬಾಯಿಗೆ ಹಾಕಿ ನೋಡಿದಳು. ಉಪ್ಪು! ಬಾವಿ ಉಪ್ಪಾಯಿತು ಎಂದು ಗೊತ್ತಾದರೆ ಮೇಡಂ ಕಡೆಯವರು ಮುಚ್ಚಿಸಿಬಿಡುತ್ತಾರೆ, ಬಾವಿ ಹೋದರೆ ಕಸುಬು ಹೋಯಿತು, ಕೊಡ ಹಿಡಿದು ಬರುವವರಿಗೆ ಯಾವ ಮುಖ ತೋರಿಸಲಿ?

ಅಲ್ಲ, ಈ ಹೆಂಗಸಿಗೆ ಏನನ್ನಬೇಕು ಹೇಳಿ! ನೆಂಟರು ಬರುತ್ತಾರೆಂದರೆ ಮನೆ ಗುಡಿಸುವುದಿಲ್ಲವೇ, ಹಾಗೆ ಮೇಡಂ ಬರುವ ಹಿಂದಿನ ದಿನ, ಬೀದಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಟ್ಯಾಂಕರ್ ತರಿಸಿ ಸಿಹಿನೀರನ್ನು ಬಾವಿಗೆ ಸುರಿಸಿದಳು. ಗಂಡ ತಲೆ ಚಚ್ಚಿಕೊಂಡ. "ಬಾವಿಯಿಂದ ನೀರು ತಗೊಳ್ಳೋರನ್ನ ನೋಡಿದೀನಿ ಕಣೇ, ಬಾವಿಗೇ ನೀರು ಕುಡಿಸೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು!"

ಮೇಡಂ ತಂತಿ ಇಳಿಬಿಟ್ಟರು, ಖುಷಿಯಾದರು, ಹೋದರು.

ಕೆಲವು ವಾರ ಕಳೆದು ಬೇಕರಿಯ ಹಿಂದಿನ ಕೋಣೆಯಲ್ಲಿ ಬೀದಿಯವರ ಸಭೆ ಸೇರಿತು. ಹಿಟ್ಟಿನ ಮೂಟೆಗಳೇ ಕುರ್ಚಿ. ಸೂರಿನ ಮಳೆನೀರನ್ನು ಇಂಗುಗುಂಡಿಗಳಿಂದ ನೆಲಕ್ಕೆ ಇಳಿಸಿದರೆ ಒಳಗೆ ನುಗ್ಗಿದ ಕಡಲಿನ ನೀರು ನಿಧಾನಕ್ಕೆ ಹಿಂದೆ ಸರಿಯುತ್ತದೆ ಎಂದು ಮೇಡಂ ತಿಳಿಸಿ ಹೇಳಿದರು. ಗುಂಡಿಗಳ ಖರ್ಚೆಲ್ಲ ಮೇಡಂ ಕಡೆಯವರ ಯೋಜನೆಯದೇ. "ಆದ್ರೆ ಈ ಸಲ ನಿಮ್ಮ ಬೀದಿಗೆ ಇಲ್ಲ. ಅಕ್ಕನ ಬಾವಿ ಇನ್ನೂ ಸಿಹಿಯಾಗಿದೆ, ನಿಮಗೆ ಕುಡಿಯೋಕೆ ಅದೇ ಇದೆಯಲ್ಲ. ಅದೂ ಇಲ್ಲದ ಬೀದಿಗಳಿಗೆ ಮೊದಲು."

ಬೇಕರಿಯವನು ತನ್ನ ಕಾಲನ್ನೇ ನೋಡುತ್ತ ಕುಳಿತ. ಇಸ್ತ್ರಿ ಅಕ್ಕನಿಗೆ ಆಗ ಹೊಳೆಯಿತು: ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಬೀದಿಯ ಬಾಯಿಗೆ ಮಣ್ಣು ಹಾಕಿದೆನಲ್ಲ!

ಎದ್ದು ನಿಂತಳು. "ಮೇಡಂ, ನೀವು ಅಳೆದಿದ್ದು ಟ್ಯಾಂಕರ್ ನೀರು. ನಮ್ಮ ಬಾವಿ ಉಪ್ಪಾಗಿ ತುಂಬಾ ದಿನ ಆಯ್ತು. ಮುಚ್ಚಿಸೋದಿದ್ರೆ ಮುಚ್ಚಿಸಿ, ಈ ಜನಕ್ಕೆ ಮಾತ್ರ ಗುಂಡಿ ತಪ್ಪಿಸ್ಬೇಡಿ."

"ಮುಚ್ಚೋದಾ? ಯಾರು ಹೇಳಿದ್ದಕ್ಕ ನಿಮಗೆ?" ಮೇಡಂ ನಗಬೇಕೋ ಬೈಯಬೇಕೋ ತಿಳಿಯದೆ ತಲೆಗೆ ಕೈ ಹಚ್ಚಿದರು. "ಹಾಗಿದ್ರೆ ಮೊದಲನೇ ಗುಂಡಿ ನಿಮ್ಮ ಹಿತ್ತಿಲಲ್ಲೇ. ನಾಳೆ ಬಂದು ಮತ್ತೆ ಅಳೀತೀನಿ. ದಯವಿಟ್ಟು ಬಾವಿಗೆ ಏನೂ ಕುಡಿಸ್ಬೇಡಿ!"

ಕೋಣೆಯೆಲ್ಲ ನಕ್ಕಿತು. ಇಸ್ತ್ರಿ ಅಕ್ಕ ನಗಲಿಲ್ಲ. ಬೀದಿಯವರ ಕಡೆ ತಿರುಗಿ, "ಇಷ್ಟು ದಿನ ನಿಮಗೆ ಉಪ್ಪುನೀರು ಕುಡಿಸ್ಬಿಟ್ಟೆ, ತಪ್ಪಾಯ್ತು" ಅಂದಳು.

"ನಾವೆಲ್ಲಿ ಕುಡಿದ್ವಿ?" ಎಂದಳು ಎದುರುಮನೆ ಅಜ್ಜಿ. "ಅದು ಪಾತ್ರೆ ತೊಳೆಯೋಕೆ. ಕುಡಿಯೋಕೆ ಪೇಟೆ ನಲ್ಲಿಯಿಂದ ತರ್ತಿದ್ವಿ."

"ನಾನಂತೂ ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಹಾಕೋದನ್ನೇ ಬಿಟ್ಟಿದ್ದೆ" ಎಂದ ಬೇಕರಿಯವನು.

ಇಸ್ತ್ರಿ ಅಕ್ಕ ಕಣ್ಣರಳಿಸಿ ಅವರನ್ನೇ ನೋಡಿದಳು. "ಗೊತ್ತಿದ್ದೂ ದಿನಾ ಕೊಡ ಹಿಡ್ಕೊಂಡು ಯಾಕೆ ಬರ್ತಿದ್ರಿ?"

"ನಾವು ಬರೋದು ಬಿಟ್ಟಿದ್ರೆ ನಿಂಗೆ ನೋವಾಗ್ತಿತ್ತಲ್ಲಕ್ಕ" ಎಂದ ಅವನೇ.

ಇಷ್ಟು ವರ್ಷ ಕೊಡುವವಳು ತಾನೊಬ್ಬಳೇ ಅಂದುಕೊಂಡಿದ್ದ ಇಸ್ತ್ರಿ ಅಕ್ಕ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು.