ಬಳೆಚೂರಿನ ತೋರಣ

ಚೆಂಬೂರಿನ ಚಾಳಿನಲ್ಲಿ ನಮ್ಮ ಒಂದೇ ಕೋಣೆಯ ಖೋಲಿಗೆ ಅಂದ ಬಂದದ್ದು ಒಡೆದ ಬಳೆಗಳಿಂದ. ಅವ್ವ ಬಳೆಚೂರುಗಳನ್ನು ಮೇಣದಬತ್ತಿಯ ಉರಿಗೆ ಹಿಡಿದು, ಮೆತ್ತಗಾದೊಡನೆ ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದಳು. ಬಾಗಿಲಿಗೆ ಅಂಥ ಸರಗಳ ತೋರಣವೇ ಬೇಕೆಂದು ಅವಳ ಹಟ. ಚಾಳಿನ ಹೆಂಗಸರೆಲ್ಲ ಚೂರು ತಂದುಕೊಟ್ಟರು.

ಚಿಕ್ಕಮ್ಮನೆಂಬಂತೆ ನಾವು ಮೌಶಿ ಎಂದು ಕರೆಯುತ್ತಿದ್ದ ಪಕ್ಕದ ಖೋಲಿಯ ವಿಜಾಪುರದವಳೂ ಬಂದಳು. ಅವಳ ಗಂಡ ತೀರಿಕೊಂಡು ತಿಂಗಳಾಗಿತ್ತು. ಸೆರಗಿನ ಗಂಟು ಬಿಚ್ಚಿದರೆ ಒಳಗೆ ಹಸಿರು ಚೂರುಗಳು. ಗಂಡ ಸತ್ತಾಗ ಒಡೆದ ಅವಳವೇ ಬಳೆಗಳು.

"ಇವನ್ನೂ ಹಾಕ್ರಿ ಅಕ್ಕಾರ. ಕಸದಾಗ ಚೆಲ್ಲಾಕ ಮನಸ ಬರವಲ್ದು."

ಅವ್ವ ಚಾಚಿದ ಕೈಯನ್ನು ಹಿಂದೆಗೆದಳು. ಮುತ್ತೈದೆಯ ಬಾಗಿಲಿಗೆ ಅವು ಸಲ್ಲವು. ಆದರೆ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ನಡುವಿನ ಸರವನ್ನು ಅವುಗಳಿಂದಲೇ ಹೆಣೆದಳು.

ಅಂದಿನಿಂದ ನಮ್ಮ ಬಾಗಿಲಲ್ಲಿ ಯಾರೋ ಹೆಂಗಸು ಬಳೆ ಕಿಣಿಸುತ್ತ ಬಂದು ನಿಂತಂಥ ಸದ್ದು. ಊಟದ ನಡುವೆ ಅಪ್ಪ ತಲೆಯೆತ್ತಿ, "ಯಾರ ಬಂದಾರ ನೋಡು" ಎನ್ನುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಪಕ್ಕದ ಖೋಲಿಯಲ್ಲಿ ಮಾತ್ರ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಲ್ಲುತ್ತಿತ್ತು. ನನಗಂತೂ ಆ ತೋರಣ ಕಂಡರೆ ಮೈ ಉರಿಯುತ್ತಿತ್ತು. ಅದು ಸದ್ದು ಮಾಡದಿರಲೆಂದು ತಲೆ ತಗ್ಗಿಸಿ ನುಸುಳುತ್ತಿದ್ದೆ.

ಬೊರಿವಲಿಗೆ ಮನೆ ಬದಲಿಸುವ ದಿನ ಅವ್ವ ತೋರಣ ಬಿಚ್ಚಿ ಮೌಶಿಯ ಕೈಗೆ ಕೊಟ್ಟಳು. ಮೌಶಿ ಅದನ್ನು ಉಡಿಯಲ್ಲಿಟ್ಟುಕೊಂಡು ಒಳಹೋದಳು. ತನ್ನ ಬಾಗಿಲ ಒಳಬದಿಗೆ ಮೊಳೆ ಹೊಡೆದು ತೂಗುಹಾಕಿದಳು.

ಗಂಟುಮೂಟೆ ಹೊತ್ತು ಮೆಟ್ಟಿಲು ಇಳಿಯುವಾಗ ಬಳೆಗಳ ಸದ್ದು ಕೇಳಿ ತಿರುಗಿ ನೋಡಿದೆ. ಗಾಳಿಯ ಸುಳಿವೇ ಇರಲಿಲ್ಲ. ತೆರೆದ ಬಾಗಿಲಲ್ಲಿ ಮೌಶಿ ತೋರಣದ ನಡುವಿನ ಹಸಿರು ಸರವನ್ನು ಬಿಡಿಸಿ ಬೋಳು ಮಣಿಕಟ್ಟಿಗೆ ಸುತ್ತಿಕೊಂಡು, ಬರಿ ನೆಲದ ಮೇಲೆ ಇಲ್ಲದ ರೊಟ್ಟಿಯನ್ನು ಬಡಿಯುತ್ತಿದ್ದಳು.